ಕ್ರೌಂಚಗಿರಿಯಿಂದ ಕುರುಕ್ಷೇತ್ರಕ್ಕೆ: ಕಾವ್ಯಗಳಲ್ಲಿ ಬಿಲ್ಲೋಜನ ಗುಣದೋಷ

ಸಂಡೂರಿನ ದಕ್ಷಿಣಕ್ಕಿರುವ ಕುಮಾರಸ್ವಾಮಿ ಬೆಟ್ಟವನ್ನು ಆ ಭಾಗದ ಜನ ಕ್ರೌಂಚಗಿರಿ ಎಂದೂ ಕರೆಯುತ್ತಾರೆ. ಅಲ್ಲಿನ ಪಾರ್ವತಿ ಗುಡಿಯನ್ನು ಬಾದಾಮಿ ಚಾಲುಕ್ಯರ ಕಾಲಕ್ಕೂ, ಕುಮಾರಸ್ವಾಮಿ ಗುಡಿಯನ್ನು ರಾಷ್ಟ್ರಕೂಟರ ಕಾಲಕ್ಕೂ ವಿದ್ವಾಂಸರು ಸೇರಿಸುತ್ತಾರೆ. ಕ್ರೌಂಚಪರ್ವತವನ್ನು ಭೇದಿಸಿದವನು ಸ್ಕಂದನೆಂಬುದು ಪುರಾಣಪ್ರಸಿದ್ಧ ಸಂಗತಿ. ಅದೇ ಪರ್ವತಕ್ಕೆ ಇನ್ನೊಂದು ಕಥೆಯೂ ಅಂಟಿಕೊಂಡಿದೆ. ಶಿವನಲ್ಲಿ ಬಿಲ್ವಿದ್ಯೆ ಕಲಿಯುತ್ತಿದ್ದ ಪರಶುರಾಮನು ಸ್ಕಂದನ ಮೇಲಣ ಮಾತ್ಸರ್ಯದಿಂದ ತಾನೂ ಕ್ರೌಂಚವನ್ನು ಬಾಣದಿಂದ ತೂತು ಮಾಡಿದನಂತೆ. ಕಾಳಿದಾಸನ ಮೇಘದೂತವು ಆ ರಂಧ್ರವನ್ನು ಪರಶುರಾಮನ ಕೀರ್ತಿಯ ದಾರಿಯೆಂದೇ ನೆನೆಯುತ್ತದೆ.

ಈ ಕಥೆ ಸಣ್ಣದು. ಆದರೆ ನಮ್ಮ ಕಾವ್ಯಗಳ ಶಸ್ತ್ರಗುರುಗಳನ್ನು ಅರಿಯಲು ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಗುರುವಾಗುವ ಮೊದಲೇ ಪರಶುರಾಮನಲ್ಲಿ ವಿದ್ಯೆಯ ಜೊತೆಗೆ ಸ್ಪರ್ಧೆಯ ಉರಿಯೂ ಇತ್ತು. ಮುಂದೆ ಅವನ ಶಿಷ್ಯರಾದವರು ಭೀಷ್ಮ, ದ್ರೋಣ, ಕರ್ಣರು. ಕೌರವಸೇನೆಯ ಮೊದಲ ಮೂವರು ದಳಪತಿಗಳೂ ಇವರೇ. ಅಂದರೆ ಕುರುಕ್ಷೇತ್ರದ ಹದಿನೆಂಟು ದಿನಗಳಲ್ಲಿ ಹದಿನೇಳು ದಿನ ಕೌರವಪಕ್ಷದ ಯುದ್ಧವನ್ನು ನಡೆಸಿದವರು ಒಬ್ಬನೇ ಓಜನ ಶಿಷ್ಯರು. ಮೂವರೂ ಅಪ್ರತಿಮ ವೀರರು. ಮೂವರೂ ತಮ್ಮ ಪಕ್ಷ ಅಧರ್ಮದ್ದೆಂದು ಬಲ್ಲವರು. ಮೂವರೂ ಅದನ್ನು ಬಿಡಲಾರದೆ ಅಳಿದವರು. ಕೈಗೆ ಕಲಿಸಿದ ವಿದ್ಯೆ ವಿವೇಕಕ್ಕೆ ಏನನ್ನು ಕಲಿಸಿತು? ಶಸ್ತ್ರಗುರುವಿನ ಗುಣದೋಷಗಳ ವಿಚಾರ ಈ ಪ್ರಶ್ನೆಯಿಂದಲೇ ಮೊದಲಾಗಬೇಕು.

ದ್ರೋಣನನ್ನು ತೆಗೆದುಕೊಳ್ಳೋಣ. ಅವನ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಅವನು ಶಿಷ್ಯನ ಒಲವನ್ನು ಗುರುತಿಸಬಲ್ಲವನು. ಮರದ ಮೇಲಿಟ್ಟ ಹಕ್ಕಿಯನ್ನು ತೋರಿ ಏನು ಕಾಣುತ್ತದೆಂದು ಕೇಳುವ ಪರೀಕ್ಷೆಯಲ್ಲಿ ಅವನು ಅಳೆಯುವುದು ತೋಳಿನ ಬಲವನ್ನಲ್ಲ, ಚಿತ್ತದ ಏಕಾಗ್ರತೆಯನ್ನು. ತಾನು ಕಲಿಸಿದುದನ್ನು ರಂಗಭೂಮಿಯಲ್ಲಿ ಎಲ್ಲರೆದುರು ಪರೀಕ್ಷೆಗೊಡ್ಡುವ ಧೈರ್ಯವೂ ಅವನಿಗಿದೆ. ಎಲ್ಲಕ್ಕೂ ಮಿಗಿಲಾಗಿ, ತನ್ನನ್ನು ಕೊಲ್ಲಲೆಂದೇ ಹುಟ್ಟಿದ ದ್ರುಪದಪುತ್ರ ಧೃಷ್ಟದ್ಯುಮ್ನನಿಗೂ ಅವನು ಅಸ್ತ್ರವಿದ್ಯೆ ಕಲಿಸಿದನೆಂದು ವ್ಯಾಸಭಾರತ ಹೇಳುತ್ತದೆ. ವಿಧಿಯನ್ನು ತಪ್ಪಿಸಲಾಗದು ಎಂದರಿತು ತನ್ನ ಮೃತ್ಯುವಿಗೆ ತಾನೇ ವಿದ್ಯಾದಾನ ಮಾಡಿದ ಗುರು ಲೋಕದ ಕಥೆಗಳಲ್ಲಿ ಅಪರೂಪ.

ಆದರೆ ಈ ಔದಾರ್ಯದ ಪಕ್ಕದಲ್ಲಿಯೇ ಏಕಲವ್ಯನ ಹೆಬ್ಬೆರಳು ಬಿದ್ದಿದೆ. ತನ್ನನ್ನು ಕೊಲ್ಲಲಿರುವ ರಾಜಕುಮಾರನಿಗೆ ಕಲಿಸಿದವನು, ತನ್ನ ಮಣ್ಣಿನ ಪ್ರತಿಮೆಯನ್ನು ಪೂಜಿಸಿದ ಬೇಡರ ಹುಡುಗನಿಗೆ ಕಲಿಸಲಿಲ್ಲ. ಅವನು ತಾನಾಗಿಯೇ ಕಲಿತುದನ್ನೂ ಕಿತ್ತುಕೊಂಡನು. ಕರ್ಣನು ಬ್ರಹ್ಮಾಸ್ತ್ರವನ್ನು ಬೇಡಿದಾಗ ದ್ರೋಣನು ನಿರಾಕರಿಸಿದನೆಂದೂ, ಆ ಬಳಿಕವೇ ಕರ್ಣನು ಪರಶುರಾಮನಲ್ಲಿಗೆ ಹೋದನೆಂದೂ ಶಾಂತಿಪರ್ವದಲ್ಲಿ ನಾರದನು ತಿಳಿಸುತ್ತಾನೆ. ಎರಡನ್ನೂ ಜೋಡಿಸಿ ನೋಡಿದರೆ ದ್ರೋಣನ ದೋಷ ಕೇವಲ ಪಕ್ಷಪಾತವಲ್ಲವೆಂದು ತಿಳಿಯುತ್ತದೆ. ಪ್ರಾಣಭಯವನ್ನು ಗೆದ್ದವನು ಕುಲದ ಗೆರೆಯನ್ನು ದಾಟಲಾರದೆ ಹೋದನು. ಸಾವಿಗಿಂತ ಗಟ್ಟಿಯಾದ ಗೋಡೆ ಅವನಿಗೆ ಅದಾಗಿತ್ತು.

ಪಂಪನು ಕ್ರಿ.ಶ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದಾಗ ಈ ಗೋಡೆಯನ್ನು ಚೆನ್ನಾಗಿ ಕಂಡಿದ್ದನು. ಹತ್ತನೆಯ ಆಶ್ವಾಸದಲ್ಲಿ ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವ ಸಂದರ್ಭ ಬರುತ್ತದೆ. ಮುದುಕನಿಗೆ ಪಟ್ಟವೇಕೆಂದು ಕರ್ಣನು ಹಳಿಯುತ್ತಾನೆ. ಅವನನ್ನು ಗದರುವವನು ದ್ರೋಣ. ಆ ಗದರಿಕೆಯಲ್ಲಿ ಹಿರಿಯರನ್ನು ಜರೆಯುವ ನಾಲಗೆಯೇ ಕುಲವನ್ನು ಹೊರಗೆಡಹುತ್ತದೆಂಬ ಚುಚ್ಚು ಇದೆ. ಕರ್ಣನ ಉತ್ತರ ಕನ್ನಡ ಸಾಹಿತ್ಯದ ಮೇರುಮಾತುಗಳಲ್ಲೊಂದು: ಹುಟ್ಟಿದ ಕುಲ ಕುಲವಲ್ಲ, ಛಲ, ಗುಣ, ಅಭಿಮಾನಗಳೇ ಕುಲವೆಂಬುದು ಅದರ ತಾತ್ಪರ್ಯ. ಈ ಮಾತನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಕರ್ಣನ ಹಿರಿಮೆಗೆ ನಿದರ್ಶನವಾಗಿ ಓದುತ್ತಾರೆ. ಅದನ್ನು ಯಾರಿಗೆ ಹೇಳಲಾಯಿತೆಂಬುದನ್ನು ಮರೆಯಬಾರದು. ಓಜನು ಕಲಿಸಬೇಕಾಗಿದ್ದ ಪಾಠವನ್ನು ಓಜನಿಗೇ ಒಪ್ಪಿಸಲಾಗುತ್ತಿದೆ.

ದ್ರೋಣನ ಎರಡನೆಯ ದೋಷ ಇನ್ನೂ ಆಳದ್ದು. ಅವನು ಕಲಿಸಲು ತೊಡಗಿದ್ದೇ ಒಂದು ಗಾಯದಿಂದ. ಬಡತನದಲ್ಲಿ ಬೆಂದು, ಬಾಲ್ಯದ ಗೆಳೆಯ ದ್ರುಪದನ ಬಾಗಿಲಿಗೆ ಹೋಗಿ, ಅವಮಾನಿತನಾಗಿ ಮರಳಿದವನು ಅವನು. ಸಿರಿಯ ಸೊಕ್ಕು ಗೆಳೆತನವನ್ನು ಹೇಗೆ ಮರೆಸುತ್ತದೆಂಬುದನ್ನು ಪಂಪನು ತನ್ನ ಕಾವ್ಯದ ಅತ್ಯಂತ ತೀಕ್ಷ್ಣವಾದ ಸಂಭಾಷಣೆಗಳಲ್ಲೊಂದರಲ್ಲಿ ಕಾಣಿಸಿದ್ದಾನೆ. ಅಲ್ಲಿ ನಮ್ಮ ಮರುಕವೆಲ್ಲ ದ್ರೋಣನ ಕಡೆಗೇ ಹರಿಯುತ್ತದೆ. ಆದರೆ ಆ ಗಾಯ ಶಿಷ್ಯರ ಪಾಠದೊಳಗೆ ಇಳಿದಾಗ ಮರುಕ ಉಳಿಯುವುದು ಕಷ್ಟ. ದ್ರುಪದನನ್ನು ಸೆರೆಹಿಡಿದು ತಂದೊಪ್ಪಿಸುವುದೇ ಗುರುದಕ್ಷಿಣೆಯಾಯಿತು. ಆ ಸೆರೆಯಿಂದ ದ್ರುಪದನ ಹಗೆ, ಹಗೆಯಿಂದ ಧೃಷ್ಟದ್ಯುಮ್ನ, ಧೃಷ್ಟದ್ಯುಮ್ನನಿಂದ ದ್ರೋಣನ ಶಿರಶ್ಛೇದ. ಗುರು ತನ್ನ ಲೆಕ್ಕವನ್ನು ಶಿಷ್ಯರ ಕೈಯಿಂದ ಚುಕ್ತಾ ಮಾಡಿಸಿದರೆ ಬಡ್ಡಿ ಮರಳಿ ಅವನ ಕೊರಳಿಗೇ ಬರುತ್ತದೆ. ಕುವೆಂಪು ಅವರ ನಾಟಕ ‘ಬೆರಳ್‌ಗೆ ಕೊರಳ್’ (1947) ಏಕಲವ್ಯನ ಬೆರಳಿಗೂ ದ್ರೋಣನ ಕೊರಳಿಗೂ ಇದೇ ಋಣಸಂಬಂಧವನ್ನು ಶೀರ್ಷಿಕೆಯಲ್ಲಿಯೇ ಕಟ್ಟಿಕೊಟ್ಟಿತು.

ಮೂರನೆಯ ದೋಷ ಅಭಿಮನ್ಯುವಿನ ವಧೆಯಲ್ಲಿದೆ. ಬಾಲಕನನ್ನು ತಡೆಯಲಾರದೆ ಕರ್ಣನು ಉಪಾಯ ಕೇಳಿದಾಗ, ಬಿಲ್ಲನ್ನು ಕಡಿ, ಕುದುರೆಗಳನ್ನೂ ಸಾರಥಿಯನ್ನೂ ಕೊಲ್ಲು ಎಂದು ಹೇಳಿಕೊಟ್ಟವನು ಆಚಾರ್ಯನೇ. ಪ್ರಿಯಶಿಷ್ಯನ ಮಗನಿಗೆ ಬೇರಾರೂ ಹುಡುಕಲಾಗದ ಸಾವಿನ ದಾರಿಯನ್ನು ಗುರುವಿನ ಪಾಂಡಿತ್ಯ ಹುಡುಕಿತು. ಬಲರಾಮನ ದೋಷ ಇದಕ್ಕೆ ವಿರುದ್ಧವಾದುದು. ಭೀಮ, ದುರ್ಯೋಧನರಿಬ್ಬರಿಗೂ ಗದೆಯನ್ನು ಕಲಿಸಿದ ಅವನು ಯಾರ ಪಕ್ಷವನ್ನೂ ಹಿಡಿಯದೆ ತೀರ್ಥಯಾತ್ರೆಗೆ ಹೊರಟನು. ಮರಳಿ ಬಂದು ತೊಡೆಗೆ ಬಿದ್ದ ಪೆಟ್ಟನ್ನು ಕಂಡು ಕೆರಳಿದನು. ಅವನ ಸಿಟ್ಟು ನ್ಯಾಯವಾದದ್ದು, ಆದರೆ ತಡವಾದದ್ದು. ಶಿಷ್ಯರ ಕಲಹ ಬೆಳೆಯುತ್ತಿದ್ದಾಗ ಊರಿನಲ್ಲಿರದ ಗುರು, ಕೊನೆಯ ಹೊಡೆತದ ನಿಯಮವನ್ನಷ್ಟೇ ಕಾಯಬಲ್ಲ.

ಇಷ್ಟಾಗಿಯೂ ನಮ್ಮ ಕವಿಗಳು ದ್ರೋಣನನ್ನು ಹೀಗಳೆದು ಕೈಬಿಡಲಿಲ್ಲ. ರನ್ನನ ಗದಾಯುದ್ಧದಲ್ಲಿ ಹೆಣಗಳ ನಡುವೆ ನಡೆದುಬರುವ ದುರ್ಯೋಧನನು ದ್ರೋಣನ ಕಳೇಬರದ ಮುಂದೆ ನಿಂತು ಅವನ ಬಿಲ್ಬಲ್ಮೆಯನ್ನು ನೆನೆದು ಮರುಗುತ್ತಾನೆ. ಲೋಕಕ್ಕೆ ತಲೆಬಾಗದವನು ಗುರುವಿನ ಮುಂದೆ ತಲೆಬಾಗುವ ಆ ಸನ್ನಿವೇಶ, ದೋಷವಿದ್ದೂ ಗುರುತ್ವ ಉಳಿಯುತ್ತದೆಂಬುದಕ್ಕೆ ಸಾಕ್ಷಿ.

ಪಂಪನು ಇನ್ನೊಬ್ಬ ಶಸ್ತ್ರಗುರುವನ್ನೂ ಚಿತ್ರಿಸಿದ್ದಾನೆ. ಅದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆದಿಪುರಾಣದ ವೃಷಭನಾಥನು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳಲ್ಲಿ ಮೊದಲನೆಯದು ‘ಅಸಿ’, ಅಂದರೆ ಕತ್ತಿ. ಪಂಪನಿಗೆ ಆಕರವಾದ ಜಿನಸೇನರ ಪೂರ್ವಪುರಾಣದ ಪ್ರಕಾರ ಬಾಹುಬಲಿಗೆ ಧನುರ್ವೇದವನ್ನು ಕಲಿಸಿದವನು ತಂದೆಯೇ. ಆ ಶಿಕ್ಷಣವೂ ಅಣ್ಣತಮ್ಮಂದಿರ ಕಲಹವನ್ನು ತಡೆಯಲಿಲ್ಲ. ರಾಜ್ಯವನ್ನು ಹಂಚಿ ತಪಸ್ಸಿಗೆ ಹೊರಟ ತಂದೆಯ ಮಕ್ಕಳು ಎದುರುಬದುರಾಗಿ ನಿಂತರು. ಆದರೆ ಮಂತ್ರಿಗಳ ಮಾತಿಗೆ ಒಪ್ಪಿ ಅವರು ಸೇನೆಗಳನ್ನು ಹಿಂದಿಟ್ಟು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಮಾತ್ರ ಸೆಣಸಿದರು. ಭರತನನ್ನು ಎತ್ತಿಹಿಡಿದ ಬಾಹುಬಲಿ ನೆಲಕ್ಕೆ ಅಪ್ಪಳಿಸದೆ ಇಳಿಸಿದನು. ಗೆದ್ದ ಗಳಿಗೆಯಲ್ಲಿಯೇ ರಾಜ್ಯವನ್ನು ತೊರೆದನು. ಕುರುಕುಲದ ಶಿಷ್ಯರಿಗೆ ಬಾಣವನ್ನು ಬಿಡುವುದು ತಿಳಿದಿತ್ತು. ಇವನಿಗೆ ಕೈಯನ್ನು ತಡೆಯುವುದೂ ತಿಳಿದಿತ್ತು. ಗುರು ತಾನೇ ಶಸ್ತ್ರವನ್ನು ಕೆಳಗಿಟ್ಟು ನಡೆದದ್ದನ್ನು ಶಿಷ್ಯನು ಕಂಡಿದ್ದನು ಎಂಬುದೇ ಈ ವ್ಯತ್ಯಾಸಕ್ಕೆ ಕಾರಣವಿರಬೇಕು.

ಪಂಪನು ಕವಿಯಷ್ಟೇ ಅಲ್ಲ, ಕತ್ತಿ ಹಿಡಿದ ಕಲಿಯೂ ಹೌದು. ಅರಿಕೇಸರಿಯ ಆಸ್ಥಾನದಲ್ಲಿ ಒಂದೇ ಕಾಲದಲ್ಲಿ ಎರಡು ಕಾವ್ಯಗಳನ್ನು ಬರೆದು, ಒಂದರಲ್ಲಿ ಗೆಲ್ಲಿಸುವ ಗುರುವನ್ನೂ ಇನ್ನೊಂದರಲ್ಲಿ ಗೆಲವನ್ನು ದಾಟಿಸುವ ಗುರುವನ್ನೂ ಅವನು ಇಟ್ಟಿರುವುದನ್ನು ಆಕಸ್ಮಿಕವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಕ್ರೌಂಚಗಿರಿಯಿಂದ ಹಂಪಿ ದೂರವಲ್ಲ. ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಜಟ್ಟಿಗಳು ಇಂದಿಗೂ ಹಿಡಿತ ಹಾಕಿ ನಿಂತಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅರಸನು ನಸುಕಿನಲ್ಲಿ ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಕೊಂಡು, ಕತ್ತಿಯ ಸಾಧನೆ ಮಾಡಿ, ತನ್ನ ಜಟ್ಟಿಯೊಬ್ಬನೊಡನೆ ಸೆಣಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹಬ್ಬದ ಕುಸ್ತಿಗಳಲ್ಲಿ ತೀರ್ಪುಗಾರರು ಇರುತ್ತಿದ್ದರೆಂದೂ ಹೇಳುತ್ತಾನೆ. ಅರಸನನ್ನು ದಿನವೂ ಎದುರಿಸುತ್ತಿದ್ದ ಆ ಜಟ್ಟಿಯ ಹೆಸರನ್ನು ಅವನು ದಾಖಲಿಸಲಿಲ್ಲ. ಇತಿಹಾಸದಲ್ಲಿ ಓಜರು ಹೀಗೆ ಹೆಸರಿಲ್ಲದೆ ಮರೆಯಾಗುತ್ತಾರೆ. ಕಾವ್ಯದಲ್ಲಿ ಮಾತ್ರ ಅವರ ಹೆಸರೂ ಉಳಿಯುತ್ತದೆ, ಅವರು ಕೇಳಿದ ದಕ್ಷಿಣೆಯ ಲೆಕ್ಕವೂ ಉಳಿಯುತ್ತದೆ.