ಪಶ್ಚಿಮ ಘಟ್ಟಗಳ ಸಂರಕ್ಷಣೆ: ಕರ್ನಾಟಕದಲ್ಲಿ ಬೆಳೆದುಬಂದ ಬಗೆ

ಗುಜರಾತಿನಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿ.ಮೀ. ಹಬ್ಬಿರುವ ಪಶ್ಚಿಮ ಘಟ್ಟಗಳು ಕೃಷ್ಣೆ, ಕಾವೇರಿ, ಶರಾವತಿಗಳ ಉಗಮಸ್ಥಾನ; ಬೇರೆಲ್ಲೂ ಸಿಗದ ನೂರಾರು ಬಗೆಯ ಗಿಡಮರ, ಕಪ್ಪೆ, ಮೀನುಗಳ ನೆಲೆ. ಕರ್ನಾಟಕದಲ್ಲಿ ಈ ಸಂಪತ್ತನ್ನು ಕಾಯ್ದುಕೊಂಡ ಚರಿತ್ರೆ ಕಾನೂನುಗಳಿಗಿಂತ ಹಳೆಯದು. ಕೊಡಗಿನ ದೇವರಕಾಡುಗಳಲ್ಲಿ ಮರ ಕಡಿಯುವಂತಿರಲಿಲ್ಲ. ಮಲೆನಾಡಿನ ಕಾನು ಎಂಬ ದಟ್ಟ ಕಾಡುಗಳನ್ನು ಊರವರು ನೀರಿಗಾಗಿ, ಕಾಳುಮೆಣಸಿಗಾಗಿ ಜೋಪಾನ ಮಾಡುತ್ತಿದ್ದರು.

ಬ್ರಿಟಿಷರ ಕಾಲದಲ್ಲಿ ನಾಟಾಕ್ಕಾಗಿ ಕಡಿತ ಹೆಚ್ಚಿ, ಸಹಜ ಕಾಡಿದ್ದಲ್ಲಿ ತೇಗದ ನೆಡುತೋಪುಗಳು ಎದ್ದವು. ಸ್ವಾತಂತ್ರ್ಯದ ನಂತರ ಅಣೆಕಟ್ಟು, ಗಣಿ, ಕಾರ್ಖಾನೆಗಳೂ ಸೇರಿಕೊಂಡವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರಲ್ಲಿ ಬಂಡೀಪುರಕ್ಕೆ ಬಂದ ಹುಲಿ ಯೋಜನೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆಗಳು ರಕ್ಷಣೆಗೆ ಕಾನೂನಿನ ಬಲ ಕೊಟ್ಟವು.

ಜನಬಲ ಬಂದದ್ದು ಉತ್ತರ ಕನ್ನಡದಿಂದ. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ವಿರೋಧಿಸಿದ ಅಡಿಕೆ ಬೆಳೆಗಾರರು 1981ರಲ್ಲಿ ಶಿರಸಿಯಲ್ಲಿ ತಜ್ಞರನ್ನು ಕೂಡಿಸಿ ಯೋಜನೆಯ ಲಾಭನಷ್ಟಗಳ ಲೆಕ್ಕ ಹಾಕಿಸಿದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಸುತ್ತಲಿನ ಹಳ್ಳಿಗರು ಕಳಾಸೆ ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿ ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳತ್ವದಲ್ಲಿ ಬೆಳೆದ ಈ ಅಪ್ಪಿಕೋ ಚಳವಳಿಯ ಗುರಿ ‘ಉಳಿಸು, ಬೆಳೆಸು, ಬಳಸು’. ಕುದುರೆಮುಖದಲ್ಲಿ ಗಣಿಯ ವಿರುದ್ಧದ ದೀರ್ಘಕಾಲದ ಹೋರಾಟ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2002ರ ತೀರ್ಪಿನಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು.

ಉಳಿದದ್ದು ಎಷ್ಟು ಅಪರೂಪದ್ದು ಎಂಬುದಕ್ಕೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಾಕ್ಷಿ. ಇಲ್ಲಿನ ರಾಮಪತ್ರೆ ಜಡ್ಡಿಗಳಲ್ಲಿ (ಜೌಗು ಕಾಡುಗಳಲ್ಲಿ) ಮರದ ಬೇರುಗಳು ಉಸಿರಾಟಕ್ಕಾಗಿ ಕೆಸರಿನಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗಿಳಿಯುತ್ತವೆ. ಮರದಿಂದ ಮರಕ್ಕೆ ದಾಟುತ್ತ ಬದುಕುವ ಸಿಂಗಳೀಕಕ್ಕೆ ಕಡಿಯದ ನೆತ್ತಿಚಪ್ಪರವೇ ದಾರಿ. ನಡುವೆ ರಸ್ತೆಯೋ ವಿದ್ಯುತ್ ಮಾರ್ಗವೋ ಹಾದುಹೋದರೆ ಗುಂಪು ಒಂಟಿಯಾಗುತ್ತದೆ. ಈ ಜೀವಿಗಾಗಿ 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು.

2012ರಲ್ಲಿ ಯುನೆಸ್ಕೊ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ 10 ಕರ್ನಾಟಕದವು. ಘಟ್ಟಗಳ ರಕ್ಷಣೆಯ ಬಗ್ಗೆ ವರದಿ ನೀಡಿದ ಮಾಧವ ಗಾಡ್ಗೀಳ್ ಸಮಿತಿ (2011) ಇಡೀ ಘಟ್ಟಪ್ರದೇಶವನ್ನು ಸೂಕ್ಷ್ಮವೆಂದು ಪರಿಗಣಿಸಿ, ನಿರ್ಧಾರಗಳಲ್ಲಿ ಗ್ರಾಮಸಭೆಗಳಿಗೆ ಪಾಲಿರಬೇಕೆಂದಿತು. ಕಸ್ತೂರಿರಂಗನ್ ಸಮಿತಿ (2013) ರಕ್ಷಣೆಯ ವ್ಯಾಪ್ತಿಯನ್ನು ಸುಮಾರು ಶೇ. 37ಕ್ಕೆ ಇಳಿಸಿತು. ಈ ಶಿಫಾರಸುಗಳಿಂದ ಜೀವನೋಪಾಯಕ್ಕೆ ಕುತ್ತು ಬಂದೀತೆಂಬ ಭಯ ಹಳ್ಳಿಗಳಲ್ಲಿ ಹರಡಿತು. 2024ರಲ್ಲಿ ರಾಜ್ಯ ಸಚಿವ ಸಂಪುಟ ಈ ಎರಡನೆಯ ವರದಿಯನ್ನೂ ತಿರಸ್ಕರಿಸಿತು. ಕಾಡನ್ನು ತಮ್ಮದೆಂದು ತಿಳಿದ ಜನರೇ ಘಟ್ಟದ ದೊಡ್ಡ ಗೆಲುವುಗಳನ್ನು ತಂದುಕೊಟ್ಟವರು. ಅವರ ಒಪ್ಪಿಗೆ ಗಳಿಸದೆ ಗಡಿ ಎಳೆಯುವುದಾಗಲಿ, ಅವರ ಭಯವನ್ನು ನೆಪವಾಗಿಸಿ ರಕ್ಷಣೆಯನ್ನೇ ಕೈಬಿಡುವುದಾಗಲಿ ಈ ಚರಿತ್ರೆ ಕಲಿಸಿದ ಪಾಠವಲ್ಲ.