ವಹಾಕಾದ ಮುಯ್ಯಿ: ಗೆಲಗೆತ್ಸಾ ಹಬ್ಬದ ಕತೆ

ಮೆಕ್ಸಿಕೋ ದೇಶದ ದಕ್ಷಿಣ ಭಾಗದಲ್ಲಿ ವಹಾಕಾ ಎಂಬ ರಾಜ್ಯವಿದೆ. ಬೆಟ್ಟಗಳ ನಾಡು ಅದು. ರಾಜಧಾನಿಯ ಹೆಸರೂ ವಹಾಕಾ ಎಂದೇ. ಆ ನಗರದಿಂದ ಸ್ವಲ್ಪ ದೂರದಲ್ಲಿ ತೆಯೊತಿತ್ಲಾನ್ ದೆಲ್ ವಾಯೆ ಎಂಬ ನೇಕಾರರ ಊರಿದೆ. ಅಲ್ಲಿರುವವರು ಸಪೊಟೆಕ್ ಮೂಲನಿವಾಸಿಗಳು. ಆ ಊರಿನ ಎಷ್ಟೋ ಮನೆಗಳಲ್ಲಿ ಜೋಪಾನವಾಗಿ ಇಟ್ಟುಕೊಂಡ ಒಂದು ಲೆಕ್ಕದ ಪುಸ್ತಕ ಇರುತ್ತದೆ. ಯಾರ ಮದುವೆಗೆ ಎಷ್ಟು ತೂಕದ ಟರ್ಕಿ ಕೋಳಿ ಕೊಟ್ಟಿದ್ದು, ಯಾರ ಮನೆಯ ಹಬ್ಬಕ್ಕೆ ಎಷ್ಟು ಮೆಕ್ಕೆಜೋಳ ಅಳೆದಿದ್ದು, ತಮ್ಮ ಮನೆಗೆ ಯಾರಿಂದ ಏನು ಬಂತು, ಎಲ್ಲವೂ ಅದರಲ್ಲಿ ದಾಖಲು. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಅಷ್ಟೇ ತೂಕದ ಕೋಳಿ, ಅಷ್ಟೇ ಅಳತೆಯ ಜೋಳ ವಾಪಸು ಹೋಗಬೇಕು. ಅಪ್ಪ ತೀರಿಸದೆ ಹೋದರೆ ಮಗ ತೀರಿಸುತ್ತಾನೆ. ಕೊಟ್ಟು ತೆಗೆದುಕೊಳ್ಳುವ ಈ ಪದ್ಧತಿಗೆ ಗೆಲಗೆತ್ಸಾ ಎಂದು ಹೆಸರು.

ಕನ್ನಡದವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಮುಯ್ಯಿ. ಮದುವೆಯ ಚಪ್ಪರದ ಮೂಲೆಯಲ್ಲಿ ಪುಸ್ತಕ, ಪೆನ್ನು ಹಿಡಿದು ಕೂತವರು ಬರೆದುಕೊಳ್ಳುವುದು ಇದನ್ನೇ. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದುದೂ ಇದೇ ಲೆಕ್ಕದ ಮೇಲೆ. ಕೈಯಲ್ಲಿ ಕಾಸಿಲ್ಲದವರೂ ದೊಡ್ಡ ಕಾರ್ಯ ಮಾಡಿ ಮುಗಿಸಲು ಊರು ತಾನೇ ಕಟ್ಟಿಕೊಂಡ ಬ್ಯಾಂಕು ಅದು.

ಆದರೆ ಇಂದು ಹೊರಜಗತ್ತಿಗೆ ಗೆಲಗೆತ್ಸಾ ಎಂದರೆ ಲೆಕ್ಕದ ಪುಸ್ತಕವಲ್ಲ. ಪ್ರತಿ ಜುಲೈ ತಿಂಗಳಲ್ಲಿ ವಹಾಕಾ ನಗರದಲ್ಲಿ ನಡೆಯುವ, ದೇಶವಿದೇಶದ ಪ್ರವಾಸಿಗರು ಟಿಕೆಟ್ ಕೊಂಡು ನೋಡುವ ಜನಪದ ಕುಣಿತಗಳ ಮಹಾಹಬ್ಬ. ಹಳ್ಳಿಯ ಮುಯ್ಯಿ ಸರ್ಕಾರದ ರಂಗಸ್ಥಳಕ್ಕೆ ಏರಿದ್ದು ಹೇಗೆ? ಆ ಕತೆ ಸುಮಾರು 90 ವರ್ಷಗಳದ್ದು. ಅದರಲ್ಲಿ ಒಂದು ಭೂಕಂಪವಿದೆ, ರಾಷ್ಟ್ರ ಕಟ್ಟುವ ಹಂಬಲವಿದೆ, ಶಾಲಾ ಮೇಷ್ಟ್ರುಗಳ ಮುಷ್ಕರವೂ ಇದೆ.

ಹಬ್ಬಕ್ಕೆ ಸ್ಥಳೀಯರು ಹೇಳುವ ಇನ್ನೊಂದು ಹೆಸರು ‘ಬೆಟ್ಟದ ಸೋಮವಾರಗಳು’. ಜುಲೈ 16ರ ನಂತರ ಬರುವ ಎರಡು ಸೋಮವಾರಗಳಂದು ನಗರದ ಮಗ್ಗುಲಿನ ಫೋರ್ತಿನ್ ಬೆಟ್ಟದ ಮೇಲೆ ಕುಣಿತ ನಡೆಯುತ್ತದೆ. ಆ ಸೋಮವಾರ ಜುಲೈ 18ಕ್ಕೆ ಬಿದ್ದರೆ ಮಾತ್ರ ಹಬ್ಬ ಒಂದು ವಾರ ಮುಂದಕ್ಕೆ ಹೋಗುತ್ತದೆ. ಏಕೆಂದರೆ ಆ ದಿನ ಬೆನಿತೊ ಹುವಾರೆಸ್ ತೀರಿಕೊಂಡ ದಿನ. ವಹಾಕಾದ ಬೆಟ್ಟದ ಹಳ್ಳಿಯೊಂದರ ಸಪೊಟೆಕ್ ಮನೆಯಲ್ಲಿ ಹುಟ್ಟಿ, ಮೆಕ್ಸಿಕೋದ ಅಧ್ಯಕ್ಷನಾಗಿ, 1872ರಲ್ಲಿ ತೀರಿಕೊಂಡ ಆತನ ಸಾವಿನ ದಿನ ಊರು ಕುಣಿಯುವುದಿಲ್ಲ.

ಜುಲೈ 16 ಕಾರ್ಮೆಲ್ ಮಾತೆಯ ಹಬ್ಬ. ಸ್ಪ್ಯಾನಿಷರ ಕಾಲದಲ್ಲಿ ಕಾರ್ಮೆಲೈಟ್ ಪಾದ್ರಿಗಳು ಬೆಟ್ಟದ ಬುಡದಲ್ಲಿ ಇಗರ್ಜಿ ಕಟ್ಟಿದ್ದರು. ಅದಕ್ಕೂ ಮೊದಲು ಇದೇ ಮಳೆಗಾಲದಲ್ಲಿ ಇದೇ ಬೆಟ್ಟದಲ್ಲಿ ಜೋಳದ ದೇವತೆಗೆ ಹಬ್ಬ ನಡೆಯುತ್ತಿತ್ತೆಂದು, ಪಾದ್ರಿಗಳು ಅದರ ಮೇಲೆಯೇ ಮಾತೆಯ ಹಬ್ಬವನ್ನು ಕೂರಿಸಿದರೆಂದು ಅಲ್ಲಿಯವರು ಹೇಳುತ್ತಾರೆ. ಆ ದೇವತೆಯ ಹೆಸರು ಸೆಂತೆಯೊತ್ಲ್. ಇಂದಿಗೂ ಪ್ರತಿ ವರ್ಷ ಬೇರೆ ಬೇರೆ ಊರಿನ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಸೆಂತೆಯೊತ್ಲ್ ಎಂದು ಆರಿಸಿ ಹಬ್ಬದ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಇದು ರೂಪ ನೋಡುವ ಸ್ಪರ್ಧೆಯಲ್ಲ. ತನ್ನ ಊರಿನ ಉಡುಗೆ, ಅಡುಗೆ, ಆಚರಣೆಗಳ ಬಗ್ಗೆ ಆಕೆಗೆ ಎಷ್ಟು ಗೊತ್ತಿದೆ ಎನ್ನುವುದೇ ಪರೀಕ್ಷೆ.

ಸೋಮವಾರಕ್ಕೆ ಮೊದಲಿನ ಶನಿವಾರ ಸಂಜೆ ನಗರದ ಬೀದಿಗಳಲ್ಲಿ ಮೆರವಣಿಗೆ ಹೊರಡುತ್ತದೆ. ಕೋಲಿನ ತುದಿಗೆ ಕಟ್ಟಿದ, ಮನುಷ್ಯನಿಗಿಂತ ದೊಡ್ಡದಾದ ಬಟ್ಟೆಯ ಗೋಲವೊಂದು ಗಿರಗಿರ ತಿರುಗುತ್ತಾ ಬರುತ್ತದೆ. ಅದರ ಜೊತೆಗೆ ಒಳಗೆ ಆಳು ಹೊಕ್ಕು ಕುಣಿಸುವ ಕಾಗದದ ದೈತ್ಯ ಗೊಂಬೆಗಳು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ತಟ್ಟೀರಾಯನನ್ನು ನೋಡಿದವರಿಗೆ ಇವು ದೂರದ ನೆಂಟರಂತೆ ಕಾಣುತ್ತವೆ. ಹೂವಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಅಗಲವಾದ ಲಂಗ ಬೀಸುತ್ತಾ ಹೆಂಗಸರು ಕುಣಿಯುತ್ತಾರೆ. ಹಿತ್ತಾಳೆ ವಾದ್ಯಗಳ ಬ್ಯಾಂಡು ಬಿಡುವಿಲ್ಲದೆ ಊದುತ್ತದೆ. ನಡುನಡುವೆ ನೋಡುಗರ ಕೈಗೆ ಮಿಠಾಯಿ ಬೀಳುತ್ತದೆ, ಭೂತಾಳೆಯಿಂದ ಬಟ್ಟಿ ಇಳಿಸಿದ ಮೆಸ್ಕಾಲ್ ಬರುತ್ತದೆ. ಮೆರವಣಿಗೆಗೆ ಟಿಕೆಟ್ ಇಲ್ಲ. ಬೀದಿಯ ಅಂಚಿನಲ್ಲಿ ನಿಲ್ಲಲು ಜಾಗ ಸಿಕ್ಕವರೆಲ್ಲ ಹಬ್ಬದವರೇ.

ಇಷ್ಟೆಲ್ಲ ನೋಡಿದರೆ ಇದು ಅನಾದಿಯಿಂದ ಹೀಗೆಯೇ ನಡೆದು ಬಂದಿದೆ ಎನಿಸುತ್ತದೆ. ಬೆಟ್ಟಕ್ಕೆ ಹೋಗುವ ರೂಢಿ ಹಳೆಯದು ನಿಜ. ಆದರೆ ರಾಜ್ಯದ ಎಲ್ಲ ಭಾಗಗಳ ಜನ ಬಂದು ಒಂದೇ ವೇದಿಕೆಯ ಮೇಲೆ ಕುಣಿಯುವುದು ಶುರುವಾದದ್ದು 1932ರಲ್ಲಿ.

ಅದರ ಹಿಂದಿನ ವರ್ಷ, 1931ರ ಜನವರಿ 14ರಂದು, ವಹಾಕಾ ನಗರ ಭೂಕಂಪಕ್ಕೆ ಕುಸಿಯಿತು. ಆಗ ಮೆಕ್ಸಿಕೋದಲ್ಲಿದ್ದ ರಷ್ಯದ ಚಿತ್ರ ನಿರ್ದೇಶಕ ಸೆರ್ಗೈ ಐಸೆನ್‌ಸ್ಟೈನ್ ಕೂಡಲೇ ಅಲ್ಲಿಗೆ ಹೋಗಿ ಆ ವಿನಾಶವನ್ನು ಚಿತ್ರೀಕರಿಸಿದ. ಎಷ್ಟೋ ಕುಟುಂಬಗಳು ಊರು ಬಿಟ್ಟವು. ಮರುವರ್ಷ ನಗರಕ್ಕೆ 400 ತುಂಬುವುದಿತ್ತು. 1532ರ ಏಪ್ರಿಲ್ 25ರಂದು ಸ್ಪೇನಿನ ದೊರೆ ಅದಕ್ಕೆ ನಗರದ ಪಟ್ಟ ಕೊಟ್ಟಿದ್ದ. ಮುರಿದ ಊರಿಗೆ ಮತ್ತೆ ಧೈರ್ಯ ತುಂಬಬೇಕು, ವ್ಯಾಪಾರ ಕುದುರಬೇಕು, ಹೊರಗಿನವರು ಬರಬೇಕು. ಇದಕ್ಕೆ ಊರಿನ ಹಿರಿಯರು, ಸರ್ಕಾರದವರು ಸೇರಿ ಒಂದು ದೊಡ್ಡ ಕಾರ್ಯಕ್ರಮ ಹೂಡಿದರು.

ಮೆಕ್ಸಿಕೋದಲ್ಲಿ ಕ್ರಾಂತಿ ಮುಗಿದು ಹೊಸ ರಾಷ್ಟ್ರ ಕಟ್ಟುತ್ತಿದ್ದ ಕಾಲ ಅದು. ವಹಾಕಾದಲ್ಲೇ ಹುಟ್ಟಿದ ಹೊಸೆ ವಾಸ್ಕೊನ್ಸೆಲೋಸ್ 1921ರಲ್ಲಿ ದೇಶದ ಶಿಕ್ಷಣ ಮಂತ್ರಿಯಾಗಿ ಹಳ್ಳಿಹಳ್ಳಿಗೆ ಮೇಷ್ಟ್ರುಗಳನ್ನು ಕಳಿಸಿದ್ದ. ಮೂಲನಿವಾಸಿಗಳ ಕಲೆಯನ್ನು ರಾಷ್ಟ್ರದ ಹೆಮ್ಮೆ ಎಂದು ಎತ್ತಿ ಹಿಡಿಯುವುದು, ಅದೇ ಹೊತ್ತಿಗೆ ಆ ಜನ ತಮ್ಮ ಭಾಷೆ ಬಿಟ್ಟು ಸ್ಪ್ಯಾನಿಷ್ ಕಲಿತು ‘ಮುಂದುವರಿಯಬೇಕು’ ಎಂದು ಬಯಸುವುದು, ಇವೆರಡೂ ಆ ಕಾಲದಲ್ಲಿ ಒಟ್ಟೊಟ್ಟಿಗೆ ನಡೆಯುತ್ತಿದ್ದವು.

1932ರ ಕಾರ್ಯಕ್ರಮಕ್ಕೆ ಇಟ್ಟ ಹೆಸರು ‘ಜನಾಂಗಗಳ ಗೌರವಾರ್ಪಣೆ’. ರಾಜ್ಯದ ಬೇರೆ ಬೇರೆ ಸೀಮೆಗಳಿಂದ ‘ರಾಯಭಾರಿ’ ತಂಡಗಳು ತಮ್ಮ ಉಡುಗೆ ತೊಟ್ಟು, ತಮ್ಮ ನೆಲದ ಫಲ, ಕೈಕೆಲಸದ ವಸ್ತುಗಳನ್ನು ಹೊತ್ತು ಬೆಟ್ಟಕ್ಕೆ ಬಂದವು. ನಗರದ ಪ್ರತೀಕವಾಗಿ ಕುಳಿತ ಯುವತಿಗೆ, ‘ವಹಾಕಾ ಕುಮಾರಿ’ಗೆ, ಅವನ್ನು ಒಪ್ಪಿಸಿ ಕುಣಿದವು. ಮುಂದೆ ಈ ಒಪ್ಪಿಸುವಿಕೆಗೇ ಗೆಲಗೆತ್ಸಾ ಎಂದು ಕರೆದರು. ಶತಮಾನದ ನಡುವಿನ ಹೊತ್ತಿಗೆ ಇಡೀ ಹಬ್ಬಕ್ಕೆ ಆ ಹೆಸರು ನಿಂತಿತು.

ಮುಯ್ಯಿಯ ಅರ್ಥ ತಿರುಗಿಕೊಂಡದ್ದು ಇಲ್ಲಿಯೇ. ಹಳ್ಳಿಯ ಗೆಲಗೆತ್ಸಾ ಸರಿಸಮಾನರ ನಡುವಿನದು. ಇವತ್ತು ಕೊಟ್ಟವರು ನಾಳೆ ತೆಗೆದುಕೊಳ್ಳುವವರು. ಬೆಟ್ಟದ ಮೇಲಿನ ಗೆಲಗೆತ್ಸಾದಲ್ಲಿ ಹಳ್ಳಿ ಕೊಡುತ್ತದೆ, ನಗರ ತೆಗೆದುಕೊಳ್ಳುತ್ತದೆ. ಹಳೆಯ ಮಾತಿನಲ್ಲಿ ಹೇಳುವುದಾದರೆ ಅದು ಮುಯ್ಯಿಗಿಂತ ಕಪ್ಪಕಾಣಿಕೆಗೆ ಹತ್ತಿರ. ನಗರ ಹಿಂತಿರುಗಿಸಿದ್ದು ಏನು ಎಂಬ ಪ್ರಶ್ನೆ ಅಂದಿನಿಂದಲೂ ಹಬ್ಬದ ಒಳಗೇ ಕೂತಿದೆ.

ವೇದಿಕೆಯ ಮೇಲೆ ಬರುವ ಕುಣಿತಗಳ ಚರಿತ್ರೆಯೂ ಒಂದೇ ಬಗೆಯದಲ್ಲ. ಕಣಿವೆಯ ಊರುಗಳ ‘ಗರಿಯ ಕುಣಿತ’ ಸ್ಪ್ಯಾನಿಷರು ಮೆಕ್ಸಿಕೋ ಗೆದ್ದ ಕತೆಯನ್ನು ಹೇಳುತ್ತದೆ. ಮೊಕ್ತೆಸುಮ ದೊರೆ, ಸೇನಾಪತಿ ಕೊರ್ತೆಸ್ ಇಬ್ಬರೂ ಅದರ ಪಾತ್ರಗಳು. ಗರಿಗಳಿಂದ ಕಟ್ಟಿದ ಚಕ್ರದಂಥ ದೊಡ್ಡ ಕಿರೀಟ ಹೊತ್ತು ಗಂಡಸರು ಎತ್ತರಕ್ಕೆ ನೆಗೆಯುತ್ತಾರೆ. ತೆಯೊತಿತ್ಲಾನ್‌ನಲ್ಲಿ ಇದನ್ನು ಕುಣಿಯಬೇಕಾದರೆ ಇಗರ್ಜಿಗೆ ಮೂರು ವರ್ಷಗಳ ಹರಕೆ ಹೊರಬೇಕು. ಊರಿನ ಹಬ್ಬದಲ್ಲಿ ಅದು ಗಂಟೆಗಟ್ಟಲೆ ನಡೆಯುತ್ತದೆ. ಬೆಟ್ಟದ ವೇದಿಕೆಯಲ್ಲಿ ನಿಮಿಷಗಳ ಲೆಕ್ಕಕ್ಕೆ ಇಳಿಯುತ್ತದೆ. ಮಾದಪ್ಪನ ದೀಕ್ಷೆ ಪಡೆದವರ ಕಂಸಾಳೆ ದಸರಾ ಮೆರವಣಿಗೆಯಲ್ಲಿ ಬರುವಾಗ ಆಗುವುದೂ ಹೀಗೆಯೇ. ಕುಣಿತ ಬರುತ್ತದೆ, ಹರಕೆ ಊರಲ್ಲೇ ಉಳಿಯುತ್ತದೆ.

ಇದಕ್ಕೆ ಎದುರು ದಿಕ್ಕಿನ ಉದಾಹರಣೆ ‘ಅನಾನಸ್ ಹೂ’. ಕಸೂತಿಯ ನಿಲುವಂಗಿ ತೊಟ್ಟ ಹುಡುಗಿಯರು ಹೆಗಲ ಮೇಲೆ ಅನಾನಸ್ ಹಣ್ಣು ಹೊತ್ತು ಸಾಲಾಗಿ ಹೆಜ್ಜೆ ಹಾಕುತ್ತಾರೆ. ಇಂದು ಹಬ್ಬದಲ್ಲಿ ಅತಿ ಹೆಚ್ಚು ಚಪ್ಪಾಳೆ ಬೀಳುವ ಕುಣಿತಗಳಲ್ಲಿ ಇದೂ ಒಂದು. ಇದು ಹುಟ್ಟಿದ್ದು 1958ರಲ್ಲಿ. ತುಸ್ತೆಪೆಕ್ ಪಟ್ಟಣದವರು ಅಲ್ಲಿಯವರೆಗೆ ತರುತ್ತಿದ್ದ ಕುಣಿತ ಪಕ್ಕದ ವೆರಾಕ್ರುಸ್ ರಾಜ್ಯದ್ದರಂತೆ ಕಾಣುತ್ತಿತ್ತು. ಆ ಸೀಮೆಗೆ ತನ್ನದೇ ಎನ್ನುವಂಥ ಒಂದು ಬೇಕೆಂದು ಗವರ್ನರ್ ಕೇಳಿದ. ಪೌಲಿನಾ ಸೊಲಿಸ್ ಎಂಬ ಶಿಕ್ಷಕಿ ಹೆಜ್ಜೆ ಕಟ್ಟಿಕೊಟ್ಟರು. ಹಾಗೆಯೇ ಪೆಸಿಫಿಕ್ ತೀರದವರ ‘ಚಿಲೇನಾ’ ಕುಣಿತದ ಮೂಲವನ್ನು ಅದರ ಹೆಸರೇ ಹೇಳುತ್ತದೆ. 19ನೆಯ ಶತಮಾನದಲ್ಲಿ ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಆಸೆಪಟ್ಟು ಹಡಗು ಹತ್ತಿದ ಚಿಲಿ ದೇಶದವರಿಂದ ಅದು ಈ ತೀರಕ್ಕೆ ಇಳಿಯಿತು ಎನ್ನುತ್ತಾರೆ.

ವಿಚಿತ್ರವೆಂದರೆ ಈ ಹಬ್ಬಕ್ಕೆ ಒಂದು ‘ಅಸಲಿತನ ಸಮಿತಿ’ ಇದೆ. ಅದರ ಸದಸ್ಯರು ಊರೂರಿಗೆ ಹೋಗಿ ಉಡುಗೆ ಸರಿಯಿದೆಯೇ, ಹೆಜ್ಜೆ ಹಳೆಯದೇ ಎಂದು ನೋಡಿ ಯಾರು ಬೆಟ್ಟ ಹತ್ತಬಹುದೆಂದು ತೀರ್ಮಾನಿಸುತ್ತಾರೆ. ನಮ್ಮ ಅಜ್ಜಿ ಉಟ್ಟದ್ದನ್ನು ಸರಿ ತಪ್ಪು ಎನ್ನಲು ನೀವು ಯಾರು ಎಂಬ ಅಸಮಾಧಾನ ಹಳ್ಳಿಗಳಲ್ಲಿ ಏಳುವುದು ಸಹಜ. ಕಪ್ಪು ಜನರ ಸೀಮೆಗಳಿಗೆ ಈ ಪ್ರಶ್ನೆ ಇನ್ನೂ ಕಠಿಣ. ಗುಲಾಮರಾಗಿ ಬಂದ ಆಫ್ರಿಕನ್ನರ ಮಕ್ಕಳು ವಹಾಕಾದ ಕರಾವಳಿಯಲ್ಲಿ ‘ದೆವ್ವಗಳ ಕುಣಿತ’ ಕುಣಿಯುತ್ತಾ ಬಂದಿದ್ದಾರೆ. ಮೆಕ್ಸಿಕೋದ ಸಂವಿಧಾನ ಅವರನ್ನು ಹೆಸರಿಟ್ಟು ಗುರುತಿಸಿದ್ದು 2019ರಲ್ಲಿ.

1974ರಲ್ಲಿ ಬೆಟ್ಟದ ಇಳಿಜಾರಿನಲ್ಲಿ ಸುಮಾರು 11,000 ಜನ ಕೂರುವ ಬಯಲು ರಂಗಮಂದಿರ ತೆರೆಯಿತು. ಮುಂದಿನ ಸಾಲುಗಳಿಗೆ ಟಿಕೆಟ್, ಹಿಂದಿನ ಮೇಲಿನ ಸಾಲುಗಳು ಉಚಿತ. ಬೆಳಗಿನಿಂದಲೇ ಸರದಿಯಲ್ಲಿ ನಿಂತ ಊರಿನವರು ಮೇಲೆ, ಹೋಟೆಲಿನಿಂದ ಬಂದವರು ಕೆಳಗೆ. ಕುಣಿತ ಮುಗಿದಾಗ ತಂಡದವರು ತಾವು ತಂದ ಹಣ್ಣು, ರೊಟ್ಟಿ, ಟೋಪಿಗಳನ್ನು ಸಭೆಯತ್ತ ಎಸೆಯುತ್ತಾರೆ. ಇಸ್ತ್ಮೊ ಸೀಮೆಯ ಹೆಂಗಸರು ಊರ ಹಬ್ಬದಲ್ಲೂ ಹೀಗೆ ಹಣ್ಣು ಎರಚುವವರೇ. ಆದರೆ ಕೈಬಲ ಎಷ್ಟಿದ್ದರೂ ಅನಾನಸ್ ಮೇಲಿನ ಸಾಲಿಗೆ ತಲುಪುವುದು ಕಷ್ಟ.

ಒಳಗೆ ಕೂತಿದ್ದ ಪ್ರಶ್ನೆ 2006ರಲ್ಲಿ ಬೀದಿಗೆ ಬಂತು. ಆ ವರ್ಷ ಮೇ 22ರಂದು ವಹಾಕಾದ ಶಿಕ್ಷಕರ ಸಂಘ ಮುಷ್ಕರ ಹೂಡಿ ನಗರದ ಮುಖ್ಯ ಚೌಕದಲ್ಲಿ ಟೆಂಟು ಹಾಕಿತು. ಸಂಬಳ ಹೆಚ್ಚಿಸಿ, ಬಡ ಮಕ್ಕಳ ಶಾಲೆಗಳಿಗೆ ಸೌಲಭ್ಯ ಕೊಡಿ ಎಂಬುದು ಬೇಡಿಕೆ. ಈ ಮೇಷ್ಟ್ರುಗಳಲ್ಲಿ ಬಹಳ ಜನ ಮೂಲನಿವಾಸಿ ಹಳ್ಳಿಗಳಲ್ಲಿ ಪಾಠ ಹೇಳುವವರು, ಎಷ್ಟೋ ಮಂದಿ ಅಲ್ಲಿಯೇ ಹುಟ್ಟಿದವರು. ಜೂನ್ 14ರ ನಸುಕಿನಲ್ಲಿ ಗವರ್ನರ್ ಉಲೀಸೆಸ್ ರುಯಿಸ್ ಪೊಲೀಸರನ್ನು ಬಿಟ್ಟು ಚೌಕ ತೆರವು ಮಾಡಿಸಲು ನೋಡಿದ. ಶಿಕ್ಷಕರು ಮತ್ತೆ ಬಂದು ಕೂತರು. ನಗರದ ಜನ, ಹಳ್ಳಿಯ ಸಂಘಗಳು ಅವರ ಜೊತೆ ಸೇರಿ ಅದು ಇಡೀ ರಾಜ್ಯದ ಚಳವಳಿಯಾಯಿತು. ಆ ವರ್ಷ ತಿಂಗಳುಗಟ್ಟಲೆ ನಡೆದ ಘರ್ಷಣೆಯಲ್ಲಿ ಹಲವರು ಪ್ರಾಣ ಕಳೆದುಕೊಂಡರು.

ಜುಲೈ ಬಂದಾಗ ಚಳವಳಿಯವರು ಸರ್ಕಾರಿ ಗೆಲಗೆತ್ಸಾ ಬೇಡ ಎಂದರು. ಹಳ್ಳಿಯ ಕುಣಿತ ತೋರಿಸಿ ಹಣ ಮಾಡುವವರು ಹಳ್ಳಿಯ ಶಾಲೆಗೆ ಏನು ಕೊಟ್ಟರು ಎಂಬುದು ಅವರ ವಾದದ ತಿರುಳು. ಸರ್ಕಾರ ಹಬ್ಬವನ್ನು ರದ್ದು ಮಾಡಬೇಕಾಯಿತು. ಜುಲೈ 24ರಂದು ತಾಂತ್ರಿಕ ವಿದ್ಯಾಲಯದ ಮೈದಾನದಲ್ಲಿ ಚಳವಳಿಯವರೇ ‘ಜನರ ಗೆಲಗೆತ್ಸಾ’ ನಡೆಸಿದರು. ಟಿಕೆಟ್ ಇರಲಿಲ್ಲ. ಮರುವರ್ಷ ಜುಲೈ 16ರಂದು ಬೆಟ್ಟದತ್ತ ಹೊರಟ ಮೆರವಣಿಗೆಯನ್ನು ಪೊಲೀಸರು ತಡೆದರು. ಹೊಡೆದಾಟವಾಯಿತು. ಸರ್ಕಾರಿ ಹಬ್ಬ ಪೊಲೀಸ್ ಕಾವಲಿನಲ್ಲಿ ನಡೆಯಿತು. ಶಿಕ್ಷಕರ ಸಂಘ ಮಾತ್ರ ತನ್ನ ಉಚಿತ ಹಬ್ಬವನ್ನು ಆಮೇಲೂ ಉಳಿಸಿಕೊಂಡು ಬಂದಿದೆ.

ಇದನ್ನೆಲ್ಲ ಓದಿ ಬೆಟ್ಟದ ಹಬ್ಬ ಬರೀ ಸರ್ಕಾರದ ಆಟ ಎಂದುಬಿಡುವುದು ಸುಲಭ. ಆದರೆ ಕುಣಿಯುವವರು ಹಾಗೆ ಹೇಳುವುದಿಲ್ಲ. ಶಾಲೆಯಲ್ಲಿ ತಮ್ಮ ಭಾಷೆ ಆಡಿದ್ದಕ್ಕೆ ಏಟು ತಿಂದವರ ಮೊಮ್ಮಕ್ಕಳು ಅದೇ ಊರಿನ ಉಡುಗೆ ತೊಟ್ಟು ರಾಜಧಾನಿಯ ನಡುಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಸಣ್ಣ ಸಂಗತಿಯಲ್ಲ. ಬೆಟ್ಟ ಹತ್ತುವ ಆಸೆಗೆ ಎಷ್ಟೋ ಊರುಗಳು ಮರೆತ ಹೆಜ್ಜೆಯನ್ನು ಮುದುಕರಿಂದ ಕೇಳಿ ಕಲಿತಿವೆ, ನಿಂತುಹೋದ ನೇಯ್ಗೆಯನ್ನು ಮತ್ತೆ ಹಿಡಿದಿವೆ.

ಊರು ಬಿಟ್ಟು ಹೋದವರಿಗಂತೂ ಈ ಹಬ್ಬ ಬೇರೆಯೇ ಕೆಲಸ ಮಾಡುತ್ತದೆ. ಕೂಲಿಗಾಗಿ ಗಡಿ ದಾಟಿದ ವಹಾಕಾದವರು 1980ರ ದಶಕದ ಕೊನೆಯಿಂದ ಲಾಸ್ ಏಂಜಲೀಸ್‌ನಲ್ಲಿ ತಮ್ಮದೇ ಗೆಲಗೆತ್ಸಾ ನಡೆಸುತ್ತಿದ್ದಾರೆ. ಹೋಟೆಲಿನ ಅಡುಗೆಮನೆಯಲ್ಲಿ, ತೋಟದಲ್ಲಿ ದುಡಿಯುವವರು ರಾತ್ರಿ ಮಕ್ಕಳಿಗೆ ಹೆಜ್ಜೆ ಕಲಿಸುತ್ತಾರೆ. ಒಂದೊಂದು ಊರಿನವರಿಗೆ ಒಂದೊಂದು ಸಂಘ. ಆ ಸಂಘಗಳು ಕೂಡಿಸಿದ ಹಣ ಊರಿನ ಇಗರ್ಜಿಯ ದುರಸ್ತಿಗೆ, ರಸ್ತೆಗೆ, ಬ್ಯಾಂಡಿನ ವಾದ್ಯಕ್ಕೆ ಹೋಗುತ್ತದೆ. ಮುಂಬಯಿಯಲ್ಲೋ ದೆಹಲಿಯಲ್ಲೋ ಕನ್ನಡ ಸಂಘದ ಚೀಟಿ ಹರಿದು ಡೊಳ್ಳಿನ ತಂಡ ಕರೆಸಿದವರಿಗೆ ಇದರ ಹಿಂದಿನ ಓಡಾಟ ಗೊತ್ತು.

ಈ ನಡುವೆ ತೆಯೊತಿತ್ಲಾನ್‌ನಂಥ ಊರುಗಳಲ್ಲಿ ಹಳೆಯ ಗೆಲಗೆತ್ಸಾ ನಿಂತಿಲ್ಲ. ಅದಕ್ಕೆ ಜುಲೈ ತಿಂಗಳೂ ಬೇಡ, ಬೆಟ್ಟವೂ ಬೇಡ, ಸಮಿತಿಯೂ ಬೇಡ. ಯಾರದೋ ಮನೆಯಲ್ಲಿ ಮದುವೆ ಗೊತ್ತಾದರೆ ಸಾಕು, ಪುಸ್ತಕ ಹೊರಗೆ ಬರುತ್ತದೆ. ಕಾಲು ಕಟ್ಟಿದ ಕೋಳಿಯನ್ನು ತೂಗಿ, ಹೆಸರಿನ ಮುಂದೆ ತೂಕ ಬರೆದುಕೊಂಡು, ಒಳಗೆ ಕರೆದು ಕುಡಿಯಲು ಬಿಸಿ ಚಾಕೊಲೇಟ್ ಕೊಡುತ್ತಾರೆ.