ವೆಸ್ಲಿ, ಜಾನ್

ವೆಸ್ಲಿ, ಜಾನ್ (1703–1791): ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ, ಮೆಥಡಿಸ್ಟ್ ಚಳವಳಿಯ ಪ್ರವರ್ತಕ. ಹುಟ್ಟಿದ್ದು ಎಪ್‌ವರ್ತ್‌ನಲ್ಲಿ. ಆಕ್ಸ್‌ಫರ್ಡಿನಲ್ಲಿ ಓದು.

ಅಮೆರಿಕದ ಜಾರ್ಜಿಯಾ ವಸಾಹತಿಗೆ ಧರ್ಮಬೋಧಕರಾಗಿ ಹೊರಟ ವೆಸ್ಲಿಗೆ 1736ರ ಜನವರಿಯಲ್ಲಿ ಅಟ್ಲಾಂಟಿಕ್ ಬಿರುಗಾಳಿ ಎದುರಾಯಿತು. ಅಲೆಯ ಹೊಡೆತಕ್ಕೆ ಹಡಗಿನ ದೊಡ್ಡ ಹಾಯಿ ಹರಿದು, ನೀರು ಒಳನುಗ್ಗಿತು. ಇಂಗ್ಲಿಷ್ ಪ್ರಯಾಣಿಕರು ಕಿರುಚಿಕೊಂಡರು. ಮೊರಾವಿಯನ್ ಎಂಬ ಪ್ರಾಟೆಸ್ಟಂಟ್ ಪಂಥದ ಜರ್ಮನ್ ಕುಟುಂಬಗಳು ಮಾತ್ರ ಕೀರ್ತನೆ ನಿಲ್ಲಿಸಲಿಲ್ಲ. ಅವರ ಹೆಂಗಸರು, ಮಕ್ಕಳು ಕೂಡ ಹೆದರಿರಲಿಲ್ಲವೆಂದು ತಿಳಿದಾಗ ವೆಸ್ಲಿಗೆ ತಮ್ಮ ಮರಣಭಯ ನಿಚ್ಚಳವಾಗಿ ಕಂಡಿತು. ಇತರರಿಗೆ ಬೋಧಿಸಲು ಹೊರಟವರು ಸ್ವತಃ ಭರವಸೆಯಿಲ್ಲದೆ ತೊಳಲಾಡುತ್ತಿದ್ದರು. ಅದನ್ನು ಮುಚ್ಚಿಡದೆ ದಿನಚರಿಯಲ್ಲಿ ಬರೆದಿಟ್ಟದ್ದು ಅವರ ದೊಡ್ಡತನ.

ಜಾರ್ಜಿಯಾದ ಕೆಲಸ ಕೈಗೂಡಲಿಲ್ಲ. ಲಂಡನ್ನಿಗೆ ಮರಳಿ, ಮೊರಾವಿಯನ್ ಬೋಧಕ ಪೀಟರ್ ಬೋಲರ್ ಜತೆ ದೀರ್ಘ ಚರ್ಚೆ ನಡೆಸಿದರು. 1738ರ ಮೇ 24ರ ಸಂಜೆ ಆಲ್ಡರ್ಸ್‌ಗೇಟ್ ಬೀದಿಯ ಸಭೆಯೊಂದರಲ್ಲಿ, ಬೈಬಲಿನ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಧರ್ಮಸುಧಾರಕ ಲೂಥರ್ ಬರೆದ ಮುನ್ನುಡಿಯ ವಾಚನ ಕೇಳುತ್ತಿದ್ದಾಗ ಕ್ರಿಸ್ತನಲ್ಲಿ ದೃಢ ನಂಬಿಕೆ ಮೂಡಿತು. ಸಂದೇಹಗಳು ಮುಂದೆಯೂ ಕಾಡಿದವು. ಆ ಸಂಜೆಯನ್ನು ಒಂದೇ ಏಟಿನ ಪವಾಡವೆಂದು ಬಣ್ಣಿಸುವುದು ಸರಿಯಲ್ಲ.

ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಕರೆಯ ಮೇರೆಗೆ 1739ರ ಏಪ್ರಿಲ್‌ನಲ್ಲಿ ಬ್ರಿಸ್ಟಲ್ ಬಳಿ ಬಯಲಲ್ಲಿ ಬೋಧಿಸಲು ನಿಂತರು. ಚರ್ಚಿನ ಕಟ್ಟಡದಾಚೆ ಬೋಧಿಸುವುದೇ ಆಗ ಅವರಿಗೆ ಸಂಕೋಚದ ಸಂಗತಿ. ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಕಾರ್ಮಿಕರಂಥ, ಚರ್ಚು ಮರೆತಿದ್ದ ಜನ ಕಿವಿಗೊಟ್ಟರು. ಬಳಿಕ ಅರ್ಧ ಶತಮಾನ ವೆಸ್ಲಿ ಹೆಚ್ಚಾಗಿ ಕುದುರೆಯೇರಿ ಊರೂರು ಸುತ್ತಿದರು. ಅವರ ತಮ್ಮ ಚಾರ್ಲ್ಸ್ ಸಾವಿರಾರು ಕೀರ್ತನೆ ಬರೆದರು.

ಅವರ ಅನುಯಾಯಿಗಳಾದ ಮೆಥಡಿಸ್ಟರ ವೆಸ್ಲಿಯನ್ ಮಿಶನ್ 19ನೇ ಶತಮಾನದಲ್ಲಿ ಮೈಸೂರು ಸೀಮೆಗೂ ಬಂದಿತು. ಮೈಸೂರಿನ ವೆಸ್ಲಿ ಮುದ್ರಣಾಲಯ ಹಲವು ಕನ್ನಡ ಪುಸ್ತಕಗಳನ್ನು ಅಚ್ಚುಹಾಕಿತು.